ಸೆಕೆಯ ಮನೆಗೆ ಎಂತಹ ಯಂತ್ರ?

ಶಿವರಾತ್ರಿ ಕಳೆಯುತ್ತಿದ್ದಂತೆ ಘಟ್ಟದ ಕೆಳಗೆ ಸೆಕೆಯ ಮಾತು ಆರಂಭವಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ, ಮಾರ್ಚ್ ತಿಂಗಳಿನಿಂದ ಮಳೆ ಹಿಡಿಯುವತನಕ, ರಾತ್ರಿಗಳು ಫ್ಯಾನಿಗೆ ಬಗ್ಗುವಂಥವಲ್ಲ. ಗಾಳಿಯಲ್ಲಿ ತೇವ ತುಂಬಿರುವಾಗ ಮೈಯ ಬೆವರು ಆರದು. ಬೆವರು ಆರದಿದ್ದರೆ ದೇಹದ ಶಾಖ ಹೊರಹೋಗದು. ಬಯಲುಸೀಮೆಯ ಒಣಹವೆಯಲ್ಲಿ ಒದಗಿಬರುವ ಕೂಲರ್ ಇಲ್ಲಿ ಕೋಣೆಗೆ ಇನ್ನಷ್ಟು ತೇವ ಸೇರಿಸುತ್ತದೆ, ಅಷ್ಟೆ. ಹವಾಮಾನ ಇಲಾಖೆಯು ಬಿಸಿಗಾಳಿಯನ್ನು ಗುರುತಿಸಲು ಬಳಸುವ ಗರಿಷ್ಠ ಉಷ್ಣಾಂಶದ ಮಿತಿ ಬಯಲಿಗೆ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30. ಈ ಅಂಕಿಗಳು ಹಗಲನ್ನು ಅಳೆಯುತ್ತವೆಯೇ ಹೊರತು ನಿದ್ದೆಯಿಲ್ಲದ ರಾತ್ರಿಯನ್ನಲ್ಲ.

ಎ.ಸಿ. ಎಂದೊಡನೆ ಪರಿಸರಾಸಕ್ತರು ಮುಖ ಸಿಂಡರಿಸುವುದು ಹೊಸತೇನಲ್ಲ. ಆದರೆ ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಉಡುಪಿಯಲ್ಲೋ ಮಂಗಳೂರಿನಲ್ಲೋ ಆರ್‌ಸಿಸಿ ಚಾವಣಿಯಡಿ ಸಂಸಾರ ಹೂಡಿದ್ದಾರೆ. ಚಿಕಿತ್ಸೆಗೆಂದು ಘಟ್ಟ ಇಳಿಯುವ ವೃದ್ಧ ತಂದೆತಾಯಿಗಳು, ಬಾಣಂತನದ ಕೋಣೆಯಲ್ಲಿ ಮಲಗಿದ ಹಸುಗೂಸು, ಹೃದ್ರೋಗಿಗಳು, ಇವರಿಗೆ ಸೆಕೆಯನ್ನು ಸಹಿಸಿಕೊಳ್ಳಿ ಎನ್ನುವುದು ಉಪದೇಶವಾದೀತೇ ವಿನಾ ಪರಿಹಾರವಾಗದು. 'ಯಾವ ಎ.ಸಿ. ತೆಗೆದುಕೊಳ್ಳಬೇಕು?' ಎಂಬ ಪ್ರಶ್ನೆಗೆ ಚಳವಳಿ ಉತ್ತರ ಕೊಡದಿದ್ದಾಗ ಅಂಗಡಿಯವನು ಕೊಡುತ್ತಾನೆ. ಅವನ ಉತ್ತರ ಸಾಮಾನ್ಯವಾಗಿ ಅಗತ್ಯಕ್ಕಿಂತ ಅರ್ಧ ಟನ್ ದೊಡ್ಡದಾಗಿರುತ್ತದೆ.

ಈ ಅರ್ಧ ಟನ್ನಿನ ಲೆಕ್ಕ ಘಟ್ಟದ ಮೇಲಿನವರಿಗೂ ಸಂಬಂಧಿಸಿದ್ದೇ. ಒಂದೂವರೆ ಟನ್ನಿನ ಯಂತ್ರ ಪೂರ್ಣ ವೇಗದಲ್ಲಿ ಸುಮಾರು ಒಂದೂವರೆ ಕಿಲೋವ್ಯಾಟ್ ವಿದ್ಯುತ್ ಎಳೆಯುತ್ತದೆ. ಏಳು ಲಕ್ಷ ಮನೆಗಳಲ್ಲಿ ಒಂದೊಂದರಂತೆ ಏಕಕಾಲದಲ್ಲಿ ಇವು ಓಡಿದರೆ, 1035 ಮೆಗಾವ್ಯಾಟ್‌ನ ಇಡೀ ಶರಾವತಿ ವಿದ್ಯುದಾಗಾರ ಅವಕ್ಕೇ ಮೀಸಲಾಗಬೇಕು. ಸಂಜೆಯ ಮತ್ತು ರಾತ್ರಿಯ ಬೇಡಿಕೆ ಏರಿದಷ್ಟೂ ಸಿಂಗಳೀಕಗಳ ನೆಲೆಯಾದ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಕಟ್ಟಬೇಕೆಂಬ ವಾದಕ್ಕೆ ಬಲ ಬರುತ್ತದೆ. 2019ರ ಭಾರತ ಶೀತಲೀಕರಣ ಕ್ರಿಯಾಯೋಜನೆಯೇ, ದೇಶದ ತಂಪಿನ ಒಟ್ಟು ಬೇಡಿಕೆ 2017-18ಕ್ಕೆ ಹೋಲಿಸಿದರೆ 2037-38ರ ವೇಳೆಗೆ ಸುಮಾರು ಎಂಟು ಪಟ್ಟಾಗುವುದೆಂದು ಅಂದಾಜಿಸಿದೆ. ಆದ್ದರಿಂದ ಎ.ಸಿ. ಬೇಕೋ ಬೇಡವೋ ಎಂಬ ಚರ್ಚೆಗಿಂತ, ಎಷ್ಟು ದೊಡ್ಡದು, ಎಷ್ಟು ಹೊತ್ತು, ಯಾವ ಮಾಡಿನಡಿ ಎಂಬ ಪ್ರಶ್ನೆಗಳೇ ಮುಖ್ಯ.

ಮೊದಲು ಮಾಡಿನ ಮಾತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲೂ ಮಲೆನಾಡಿನಲ್ಲೂ ಹಬ್ಬಿದ ಹೆಂಚಿನ ಮನೆಗಳಲ್ಲಿ ಬಿಸಿಗಾಳಿ ಸಂದುಗಳಿಂದ ಮೇಲಕ್ಕೆ ಹೋಗುತ್ತಿತ್ತು. ಅಟ್ಟವೊಂದು ನಡುವೆ ತಡೆಯಾಗಿರುತ್ತಿತ್ತು. ಕಾಂಕ್ರೀಟಿನ ತಾರಸಿಗೆ ಈ ಎರಡೂ ಇಲ್ಲ. ಹಗಲೆಲ್ಲ ಹೀರಿದ ಬಿಸಿಲನ್ನು ಅದು ಜನ ಮಲಗುವ ಹೊತ್ತಿಗೆ ಸರಿಯಾಗಿ ಕೋಣೆಯೊಳಕ್ಕೆ ಇಳಿಸುತ್ತದೆ. ಮಳೆಗೆಂದೂ ಅಡಿಕೆ ಒಣಗಿಸಲೆಂದೂ ಕರಾವಳಿಯವರು ತಾರಸಿಯ ಮೇಲೆ ಎತ್ತರಿಸಿ ಹೊದಿಸುವ ಶೀಟಿನ ಮಾಡು ನೋಡಲು ಅಂದವಲ್ಲ, ನಿಜ. ಆದರೆ ಸುತ್ತಲೂ ಗಾಳಿಯಾಡಲು ಬಿಟ್ಟರೆ ಅದೇ ಅತ್ಯುತ್ತಮ ನೆರಳು. ಅದು ಸಾಧ್ಯವಿಲ್ಲದಲ್ಲಿ ಬೇಸಿಗೆಗೆ ಮುನ್ನ ತಾರಸಿಗೆ ಬಿಳಿ ಸುಣ್ಣ ಬಳಿದರೂ ವ್ಯತ್ಯಾಸ ಕಾಣುತ್ತದೆ. ಪಶ್ಚಿಮದ ಗೋಡೆಗೆ ಮರದ ನೆರಳಿದ್ದರಂತೂ ಅರ್ಧ ಕೆಲಸ ಮುಗಿದಂತೆ. ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ನೀರನ್ನು ಎಲೆಗಳಿಂದ ಆವಿಯಾಗಿಸುತ್ತದೆ ಎಂದು ಹಿಡಿದರೆ, ಅದಕ್ಕೆ ಬೇಕಾಗುವ ಶಾಖ ಸುಮಾರು 68 ಯೂನಿಟ್‌ಗೆ ಸಮ. ಒಂದೂವರೆ ಟನ್ನಿನ ಯಂತ್ರ ಎಂಟು ತಾಸು ಪೂರ್ಣ ದುಡಿದು ಕೋಣೆಯಿಂದ ಹೊರಹಾಕುವ ಶಾಖ 42 ಯೂನಿಟ್. ಈ ಹೋಲಿಕೆಯನ್ನು ವಿಪರೀತಕ್ಕೆ ಎಳೆಯಬಾರದು, ಏಕೆಂದರೆ ಮರದ ತಂಪು ಬಯಲಲ್ಲಿ ಚದುರುತ್ತದೆ, ತೇವದ ಊರಿನಲ್ಲಿ ಆವಿಗಿಂತ ನೆರಳಿನ ಉಪಕಾರವೇ ದೊಡ್ಡದು.

ಮಾಡು ಸರಿಯಾದ ಮೇಲೆ ಯಂತ್ರದ ಗಾತ್ರ ತಾನಾಗಿಯೇ ಇಳಿಯುತ್ತದೆ. ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆಯನ್ನು 24 ತಾಸಿನಲ್ಲಿ ಕರಗಿಸುವಷ್ಟು ಶಾಖವನ್ನು ಹೊರಸಾಗಿಸುವ ಸಾಮರ್ಥ್ಯ, ಸುಮಾರು ಮೂರೂವರೆ ಕಿಲೋವ್ಯಾಟ್. ನೆರಳಿರುವ, ಹತ್ತಕ್ಕೆ ಹನ್ನೆರಡು ಅಡಿಯ ಮಲಗುವ ಕೋಣೆಗೆ ಒಂದು ಟನ್ ಸಾಕು. ಬಿಸಿಲು ಬಡಿಯುವ ಮೇಲಂತಸ್ತಿನಲ್ಲಷ್ಟೇ ಒಂದೂವರೆ ಬೇಕಾದೀತು. 'ದೊಡ್ಡದಿದ್ದರೆ ಬೇಗ ತಂಪು' ಎಂಬ ಮಾತು ಕರಾವಳಿಯಲ್ಲಿ ತಿರುಗುಬಾಣವಾಗುತ್ತದೆ. ಅತಿ ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣಿಸಿ ಬೇಗ ನಿಲ್ಲುತ್ತದೆ. ಗಾಳಿಯ ತೇವ ಹಿಂಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಆಗ ಕೋಣೆ ತಣ್ಣಗಿದ್ದೂ ಮೈ ಅಂಟಂಟು. ವೇಗ ತಗ್ಗಿಸಿಕೊಂಡು ಎಡೆಬಿಡದೆ ಓಡುವ ಇನ್‌ವರ್ಟರ್ ಯಂತ್ರಗಳಲ್ಲಿ ಈ ದೋಷ ಕಡಿಮೆ. ಆದರೆ ಅವುಗಳ ಎಲೆಕ್ಟ್ರಾನಿಕ್ ಫಲಕ ನಾಜೂಕು. ಸಂಜೆ ವೋಲ್ಟೇಜ್ ಕುಸಿಯುವ ಊರುಗಳಲ್ಲಿ 'ಸ್ಟೆಬಿಲೈಸರ್ ಬೇಡ' ಎಂಬ ಜಾಹೀರಾತನ್ನು ನಂಬುವ ಮೊದಲು, ಯಂತ್ರ ಎಷ್ಟು ವೋಲ್ಟಿನವರೆಗೆ ತಾಳುತ್ತದೆಂದು ಕೈಪಿಡಿಯಲ್ಲಿ ನೋಡುವುದು ಲೇಸು.

ನಕ್ಷತ್ರಗಳ ವಿಚಾರದಲ್ಲಿ ಗೊಂದಲ ಹೆಚ್ಚು. ಇಂಧನ ದಕ್ಷತೆಯ ಬ್ಯೂರೋ 2006ರಲ್ಲಿ ಆರಂಭಿಸಿದ ಈ ಗುರುತು ಕೋಣೆಯ ಎ.ಸಿ.ಗಳಿಗೆ 2010ರಲ್ಲಿ ಕಡ್ಡಾಯವಾಯಿತು. ಅಳತೆಗೋಲು ಕಾಲಕಾಲಕ್ಕೆ ಬಿಗಿಯಾಗುತ್ತದೆ. 2018ರಲ್ಲಿ ಸ್ಪ್ಲಿಟ್ ಎ.ಸಿ.ಗೆ ಐದು ನಕ್ಷತ್ರ ಸಿಗಲು ಋತುಮಾನದ ದಕ್ಷತೆಯ ಅಂಕ 4.5 ಸಾಕಿತ್ತು, 2022ರ ಜುಲೈನಲ್ಲಿ ಅದು 5ಕ್ಕೆ ಏರಿತು. ಆದ್ದರಿಂದ ರಿಯಾಯಿತಿಯಲ್ಲಿ ಮಾರುವ ಹಳೆಯ ದಾಸ್ತಾನಿನ ನಕ್ಷತ್ರ ಎಣಿಸಿ ಪ್ರಯೋಜನವಿಲ್ಲ. ಲೇಬಲ್‌ನ ಮೇಲಿರುವ ಅವಧಿ, ದಕ್ಷತೆಯ ಅಂಕ, ವರ್ಷಕ್ಕೆ ತಗಲುವ ಯೂನಿಟ್, ಈ ಮೂರನ್ನು ಓದಬೇಕು.

ಆ ಯೂನಿಟ್ ಲೆಕ್ಕ ವರ್ಷಕ್ಕೆ 1600 ತಾಸುಗಳ ಬಳಕೆಯನ್ನು ಆಧರಿಸಿದ್ದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮೂರು ನಕ್ಷತ್ರದ ಯಂತ್ರಕ್ಕೆ 1000 ಯೂನಿಟ್, ಐದು ನಕ್ಷತ್ರದ್ದಕ್ಕೆ 780 ಎಂದು ಬರೆದಿದೆಯೆನ್ನೋಣ. ಯೂನಿಟ್‌ಗೆ 7 ರೂಪಾಯಿಯಂತೆ ಉಳಿತಾಯ ವರ್ಷಕ್ಕೆ 1540 ರೂಪಾಯಿ. ಬೆಲೆಯಲ್ಲಿ 8000 ರೂಪಾಯಿ ಅಂತರವಿದ್ದರೆ ಅದು ಐದು ವರ್ಷಗಳ ಮೇಲೆ ಕೈಸೇರುತ್ತದೆ. ಆದರೆ ಮೂರು ತಿಂಗಳ ಸೆಕೆಯಲ್ಲಿ ರಾತ್ರಿ ಎಂಟು ತಾಸು ಮಾತ್ರ ಬಳಸುವ ಮನೆಗೆ ಆಗುವುದು 720 ತಾಸು. ಉಳಿತಾಯ 700 ರೂಪಾಯಿಯ ಒಳಗೆ. ಹಣ ಮರಳಲು ಹನ್ನೊಂದು ವರ್ಷ ದಾಟುತ್ತದೆ, ಉಪ್ಪುಗಾಳಿಯಲ್ಲಿ ಯಂತ್ರವೇ ಅಷ್ಟು ಕಾಲ ಬಾಳೀತೆಂಬ ಭರವಸೆಯಿಲ್ಲ. ಇಂಥ ಮನೆಯವರು ಮೂರು ನಕ್ಷತ್ರದ ಸಣ್ಣ ಇನ್‌ವರ್ಟರ್ ಯಂತ್ರವನ್ನು ಕೊಂಡು ಮಿಕ್ಕ ಎಂಟು ಸಾವಿರವನ್ನು ಮಾಡಿಗೆ ಹಾಕುವುದೇ ಜಾಣತನ. ಮಾಡಿನ ನೆರಳು ಎ.ಸಿ. ಇಲ್ಲದ ಕೋಣೆಗಳಿಗೂ ಸಲ್ಲುತ್ತದೆ. ವರ್ಷದ ಎಂಟೊಂಬತ್ತು ತಿಂಗಳು ಓಡಿಸುವವರು ಮಾತ್ರ ಐದು ನಕ್ಷತ್ರಕ್ಕೆ ಹಿಂಜರಿಯಬಾರದು.

ಗ್ಯಾಸಿನ ಬಗ್ಗೆ ಅಂಗಡಿಯಲ್ಲಿ ಕೇಳುವವರೇ ವಿರಳ. ಹಳೆಯ ಯಂತ್ರಗಳಲ್ಲಿದ್ದ ಆರ್-22 ಓಝೋನ್ ಪದರವನ್ನು ಕೆಡಿಸುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಹಿಂದೆ ಸರಿಯುತ್ತಿದೆ. ಅದರ ಬದಲಿಗೆ ಬಂದ ಆರ್-410ಎ ಓಝೋನಿಗೆ ಕೇಡು ಮಾಡದಿದ್ದರೂ ಭೂಮಿಯನ್ನು ಕಾಯಿಸುವುದರಲ್ಲಿ ಮುಂದು. ಅದರ ಒಂದು ಕಿಲೋ ಸೋರಿದರೆ ಎರಡು ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಆರ್-32ರಲ್ಲಿ ಈ ಪ್ರಮಾಣ 675 ಕಿಲೋ. ಆರ್-290 ಎಂದರೆ ಪ್ರೊಪೇನ್, ಅಡುಗೆ ಅನಿಲದ ಬಳಗದ್ದು. ಅದರಲ್ಲಿ ಇದು ಕೇವಲ ಮೂರು ಕಿಲೋದ ಆಸುಪಾಸು. ಅದು ಬೇಗ ಹೊತ್ತಿಕೊಳ್ಳುವಂಥದ್ದಾದ್ದರಿಂದ ತರಬೇತಾದ ಕೈ ಬೇಕು. ಆರ್-32 ಕೂಡ ಸ್ವಲ್ಪಮಟ್ಟಿಗೆ ಉರಿಯುತ್ತದೆ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಇಂಥ ಅನಿಲಗಳ ಇಳಿಕೆ 2032ರಿಂದ ಆರಂಭವಾಗಬೇಕಿದೆ. ಇಂದು ಕೊಳ್ಳುವವರು ಆರ್-32 ಅಥವಾ ಆರ್-290 ಇರುವುದನ್ನೇ ಆರಿಸುವುದು ಯೋಗ್ಯ.

ಯಾವ ಗ್ಯಾಸಾದರೂ ಸೋರಬಾರದು. ಎ.ಸಿ.ಯ ಗ್ಯಾಸ್ ವಾಹನದ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಪ್ರತಿ ಬೇಸಿಗೆ 'ಗ್ಯಾಸ್ ತುಂಬಿಸಬೇಕು' ಎನ್ನುವ ಮೆಕ್ಯಾನಿಕ್ ಸೋರಿಕೆಯನ್ನು ಹುಡುಕದೆ ಬಿಟ್ಟಿದ್ದಾನೆಂದೇ ಅರ್ಥ. ಈ ಸೋರಿಕೆ ಬಹುಪಾಲು ಹುಟ್ಟುವುದು ಜೋಡಣೆಯ ದಿನ. ಕೊಳವೆಗಳನ್ನು ಕೂಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿ ಹೊರಗೆಳೆಯಬೇಕು. ಅವಸರದ ಕೆಲಸಗಾರ ಪಂಪ್ ತರುವುದೇ ಇಲ್ಲ; ಯಂತ್ರದ ಗ್ಯಾಸನ್ನೇ ಒಂದಿಷ್ಟು ಬಿಟ್ಟು ಗಾಳಿಯನ್ನು ತಳ್ಳಿಬಿಡುತ್ತಾನೆ. ಉಳಿದ ತೇವ ಕಂಪ್ರೆಸರಿನ ಎಣ್ಣೆಯೊಡನೆ ಬೆರೆತು ಅದನ್ನು ಒಳಗಿಂದಲೇ ತಿನ್ನುತ್ತದೆ. ಆಮೇಲೆ ಕಂಪನಿಯನ್ನು ದೂರಿ ಫಲವೇನು? ಯಾವ ಹೆಸರಿನ ಯಂತ್ರ ಗಟ್ಟಿ ಎಂಬ ಚರ್ಚೆಯಲ್ಲಿ ಕಳೆಯುವ ಹೊತ್ತಿನ ಕಾಲುಭಾಗವನ್ನು, ಕರೆದಾಗ ಬರುವ ಮೆಕ್ಯಾನಿಕ್ ಹತ್ತಿರದಲ್ಲಿದ್ದಾನೆಯೇ, ಪಂಪ್ ಇಟ್ಟುಕೊಂಡಿದ್ದಾನೆಯೇ ಎಂದು ವಿಚಾರಿಸಲು ಬಳಸಿದರೆ ಸಾಕು.

ಕಡಲ ಸಮೀಪದ ಮನೆಗೆ ತಾಮ್ರದ ಕೊಳವೆಯ ಯಂತ್ರವೇ ಸೂಕ್ತ. ತೂತು ಬಿದ್ದರೆ ಊರಿನ ಮೆಕ್ಯಾನಿಕ್‌ನೇ ಬೆಸುಗೆ ಹಾಕಿಯಾನು. ಅಲ್ಯುಮಿನಿಯಂ ಆದರೆ ಸಾಮಾನ್ಯವಾಗಿ ಇಡೀ ಸುರುಳಿಯನ್ನೇ ಬದಲಿಸಬೇಕಾಗುತ್ತದೆ. ತಾಮ್ರದ ಯಂತ್ರದಲ್ಲೂ ರೆಕ್ಕೆಗಳು ಅಲ್ಯುಮಿನಿಯಂನವೇ. ಉಪ್ಪು ತಿನ್ನುವುದು ಅವನ್ನು. ಲೇಪನವಿರುವುದನ್ನು ಕೊಂಡು, ಹೊರಘಟಕವನ್ನು ಗಾಳಿಯಾಡುವ ನೆರಳಿನಲ್ಲಿ ಕೂರಿಸಿ, ಆಗಾಗ ವಿದ್ಯುತ್ ಕಡಿದು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯುತ್ತಿರಬೇಕು. ಪ್ರತ್ಯೇಕ ವೈರು, ಸರಿಯಾದ ಅರ್ತಿಂಗ್ ಇಲ್ಲದ ಹಳೆಯ ಮನೆಗಳಲ್ಲಿ ಮೊದಲ ಖರ್ಚು ಅದಕ್ಕೇ.

2020ರಿಂದ ಹೊಸ ಎ.ಸಿ.ಗಳು ಚಾಲೂ ಆದಾಗ 24 ಡಿಗ್ರಿಯಲ್ಲಿ ನಿಲ್ಲುವಂತೆ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆನ್ನುತ್ತದೆ ಬ್ಯೂರೋ. ಕರಾವಳಿಯಲ್ಲಿ ತೇವ ಇಳಿದರೆ 26ರಲ್ಲಿಟ್ಟು ಮೇಲೆ ಫ್ಯಾನ್ ನಿಧಾನವಾಗಿ ತಿರುಗಿಸಿದರೂ ವೃದ್ಧರಿಗೆ ಸುಖನಿದ್ದೆ ಬರುತ್ತದೆ, ನಡುರಾತ್ರಿ ಕಂಬಳಿ ಹುಡುಕುವ ಪ್ರಮೇಯವೂ ಇಲ್ಲ.

ಕೊಳ್ಳುವ ಕಾಲವೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಬೇಡಿಕೆ ಉಕ್ಕಿದಾಗ ಮೆಕ್ಯಾನಿಕ್‌ಗಳಿಗೆ ಒಂದೇ ದಿನ ಹಲವು ಮನೆಗಳ ಕೆಲಸ. ದೀಪಾವಳಿ ಮುಗಿದು ಅಡಿಕೆ ಕೊಯ್ಲಿನ ಗಡಿಬಿಡಿ ಇಳಿಯುವ ನಡುವೆ ಒಂದು ದಿನ ಗೊತ್ತುಮಾಡಿದರೆ, ಪಂಪ್ ಅರ್ಧ ತಾಸು ಓಡುವುದನ್ನು ಮನೆಯವರು ಎದುರಿಗೇ ಕುಳಿತು ನೋಡಬಹುದು.