ವಾಲ್ವ್ ಆನ್-ಆಫ್ ಆದಾಗ ಹನಿ ನೀರಾವರಿ ಬೋರ್ಡ್ ರೀಸ್ಟಾರ್ಟ್ ಆಗುವುದೇಕೆ? ತಪ್ಪು ಬೋರ್ಡಿನದ್ದೇ?

ಹಾರೋಹಳ್ಳಿ, ಕನಕಪುರ ಭಾಗದ ಹಿಪ್ಪುನೇರಳೆ ತೋಟಗಳಿಗೆ ಹನಿ ನೀರಾವರಿ ಹೊಸದೇನಲ್ಲ. ಅದಕ್ಕೆ ಮೈಕ್ರೋಕಂಟ್ರೋಲರ್ ಬೋರ್ಡ್ ಮತ್ತು ಸೊಲೆನಾಯ್ಡ್ ವಾಲ್ವ್ ಜೋಡಿಸಿದರೆ ಯಾವ ಸಾಲಿಗೆ ಎಷ್ಟು ಹೊತ್ತು ನೀರು ಎಂಬುದನ್ನು ಬೋರ್ಡೇ ನೋಡಿಕೊಳ್ಳುತ್ತದೆ. ಆದರೆ ವಾಲ್ವ್ ಆನ್-ಆಫ್ ಆದಾಗಲೆಲ್ಲ ಬೋರ್ಡ್ ರೀಸ್ಟಾರ್ಟ್ ಆದರೆ "ಡೂಪ್ಲಿಕೇಟ್ ಬೋರ್ಡ್, ಬದಲಾಯಿಸಿ", "ಮೊಬೈಲ್ ಸಿಗ್ನಲ್ ಕಾರಣ" ಎಂಬ ಮಾತು ಬರುತ್ತದೆ. ಇದು ನಿಜವೇ? ನೋಡೋಣ.

ಇದರಿಂದ ನಷ್ಟವೇನು?

ರೀಸ್ಟಾರ್ಟ್ ಆದ ಬೋರ್ಡ್ ಲೆಕ್ಕವನ್ನು ಮೊದಲಿನಿಂದ ಶುರುಮಾಡಬಹುದು. ಆಗ ಮೊದಲ ಸಾಲಿಗೆ ಮತ್ತೆ ಮತ್ತೆ ನೀರು, ಕೊನೆಯ ಸಾಲು ಒಣ. ನಾಲ್ಕನೇ ಜ್ವರ ಎದ್ದ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಬಹುಪಾಲನ್ನು ತಿನ್ನುವುದೇ ಆಮೇಲೆ. ಆಗ ಒಳ್ಳೆಯ ಸೊಪ್ಪು ಸಿಗದಿದ್ದರೆ ಗೂಡಿನ ತೂಕಕ್ಕೆ ಪೆಟ್ಟು.

ನಿಜವಾದ ಕಾರಣವೇನು?

ಸೊಲೆನಾಯ್ಡ್ ಎಂದರೆ ತಾಮ್ರದ ತಂತಿಯ ಸುರುಳಿ. ಕರೆಂಟ್ ಹರಿದಾಗ ಅದು ಅಯಸ್ಕಾಂತವಾಗಿ ವಾಲ್ವ್ ತೆರೆಯುತ್ತದೆ. ಕರೆಂಟ್ ತಟ್ಟನೆ ನಿಂತಾಗ, ಸುರುಳಿಯಲ್ಲಿ ಉಳಿದ ಶಕ್ತಿ ಹೊರಬರಲು ದಾರಿ ಹುಡುಕುತ್ತದೆ. 12 ವೋಲ್ಟ್ ಕಾಯಿಲ್‌ನಿಂದಲೂ ಒಂದು ಕ್ಷಣ ನೂರಾರು ವೋಲ್ಟ್ ಚಿಮ್ಮಬಹುದು. 5 ಅಥವಾ 3.3 ವೋಲ್ಟ್‌ನಲ್ಲಿ ಕೆಲಸ ಮಾಡುವ ಚಿಪ್ ಇದರಿಂದ ಗೊಂದಲಕ್ಕೀಡಾಗುತ್ತದೆ.

ಎರಡನೆಯದು, ಪವರ್ ಸಪ್ಲೈ. 12 ವೋಲ್ಟ್, 6 ವ್ಯಾಟ್‌ನ ಒಂದು ಕಾಯಿಲ್‌ಗೆ ಅರ್ಧ ಆಂಪಿಯರ್ ಬೇಕು. ಬೋರ್ಡಿಗೂ ವಾಲ್ವ್‌ಗೂ ಒಂದೇ ಸಣ್ಣ ಅಡಾಪ್ಟರ್ ಇದ್ದರೆ ವೋಲ್ಟೇಜ್ ಕುಸಿದು ಚಿಪ್ ತಾನಾಗಿಯೇ ರೀಸೆಟ್ ಆಗುತ್ತದೆ.

ಪತ್ತೆ ಹೇಗೆ?

• ವಾಲ್ವ್‌ನ ವೈರ್ ಕಳಚಿ, ರಿಲೇ ಮಾತ್ರ ಆಡಲು ಬಿಡಿ. ತೊಂದರೆ ನಿಂತರೆ ಬೋರ್ಡ್, ಪ್ರೋಗ್ರಾಂ, ಮೊಬೈಲ್ ಮೂರರ ಮೇಲೂ ಅನುಮಾನ ಬೇಡ.
• ವಾಲ್ವ್ ಆನ್ ಆದಾಗ ರೀಸೆಟ್ ಆದರೆ ಹೆಚ್ಚಾಗಿ ಸಪ್ಲೈ ಸಾಲುತ್ತಿಲ್ಲ.
• ಆಫ್ ಆದಾಗ ರೀಸೆಟ್ ಆದರೆ ಹೆಚ್ಚಾಗಿ ಕಾಯಿಲ್‌ನ ಚಿಮ್ಮು ವೋಲ್ಟೇಜ್.

ಪರಿಹಾರವೇನು?

ಡಿಸಿ ವಾಲ್ವ್ ಆದರೆ ಕಾಯಿಲ್‌ನ ಎರಡು ತುದಿಗೆ 1ಎನ್4007 ಡಯೋಡ್ ಹಾಕಿ, ಬಿಳಿ ಪಟ್ಟಿಯ ತುದಿ ಪ್ಲಸ್ ಕಡೆಗಿರಲಿ. ಇದಕ್ಕೆ ಕೆಲವೇ ರೂಪಾಯಿ. ಉದ್ದ ವೈರ್ ಇದ್ದರೆ ಡಯೋಡ್ ವಾಲ್ವ್‌ನ ಬಳಿಯೇ ಇರಲಿ. "ರಿಲೇ ಮಾಡ್ಯೂಲ್‌ನಲ್ಲೇ ಡಯೋಡ್ ಇದೆಯಲ್ಲ" ಎನ್ನಬಹುದು. ಆದರೆ ಅದು ರಿಲೇಯ ಸ್ವಂತ ಕಾಯಿಲ್‌ಗೆ ಮಾತ್ರ, ವಾಲ್ವ್‌ಗಲ್ಲ. ಬೋರ್ಡಿಗೆ ಮತ್ತು ವಾಲ್ವ್‌ಗೆ ಬೇರೆ ಬೇರೆ ಸಪ್ಲೈ ಕೊಡಿ. ವಾಲ್ವ್ ವೈರ್‌ಗಳನ್ನು ಬೋರ್ಡಿನಿಂದ ದೂರವಿಡಿ.

ಗಮನಿಸಿ: ನೀರಾವರಿ ವಾಲ್ವ್‌ಗಳಲ್ಲಿ 24 ವೋಲ್ಟ್ ಎಸಿಯವೂ ಇವೆ. ಅವುಗಳಿಗೆ ಈ ಡಯೋಡ್ ಹಾಕಲೇಬೇಡಿ, ಶಾರ್ಟ್ ಆಗುತ್ತದೆ. ಅಲ್ಲಿ ಸ್ನಬ್ಬರ್ ಅಥವಾ ಎಂಒವಿ ಬೇಕು. ವಾಲ್ವ್ ಮೇಲಿನ ಲೇಬಲ್ ಓದಿ, ಮೇನ್ಸ್ ಆಫ್ ಮಾಡಿಯೇ ಕೈ ಹಾಕಿ.

ತೀರ್ಮಾನ

ಬೋರ್ಡ್ ಕೆಟ್ಟಿರುವುದೂ ಉಂಟು. ಆದರೆ ತೊಂದರೆ ವಾಲ್ವ್ ಆನ್-ಆಫ್ ಆಗುವ ಕ್ಷಣಕ್ಕೇ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಕಾಯಿಲ್ ಮತ್ತು ಸಪ್ಲೈ. ಇವೆರಡನ್ನೂ ಸರಿಪಡಿಸದೆ ಹೊಸ ಬೋರ್ಡ್ ತಂದರೆ ಅದೂ ಹಾಗೆಯೇ ರೀಸ್ಟಾರ್ಟ್ ಆಗುತ್ತದೆ.