ಸಾಲದ ಕಾಗದ ಬರೆಯುವವರು ಯಾರು?

ಡಿಗ್ರಿ ಮುಗಿದ ಮೇಲೆ ಮುಂದೇನು ಅಂದರೆ ಹಾಸ್ಟೆಲ್ಲಿನ ನಾವೆಲ್ಲ ಹೇಳುವುದು ಎರಡೇ: ಸರ್ಕಾರಿ ನೌಕರಿ, ಇಲ್ಲಾ ಬೆಂಗಳೂರು. ನೌಕರಿಗೆ ಓದಬೇಡಿ ಅನ್ನುತ್ತಿಲ್ಲ, ಓದಿ. ಆದರೆ ನವಲಿಯಂಥ ಊರುಗಳಲ್ಲಿ, ಕುಷ್ಟಗಿ ಯಲಬುರ್ಗಾದ ಕೇರಿಗಳಲ್ಲಿ ನಾವು ಮಾಡಬೇಕಾದ ಒಂದು ಕೆಲಸದ ಜಾಗದಲ್ಲಿ ದಲ್ಲಾಳಿ ಕೂತಿದ್ದಾನೆ.

ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಿಗೆ ಸಾಲದ ಲೆಕ್ಕ ಬರೆಯಲು ಪೇಟೆಯ ಆಡಿಟರಿದ್ದಾರೆ. ಕೇರಿಯ ಖಾರದ ಗಿರಣಿಗೆ ಯಾರಿದ್ದಾರೆ? ಹೊಲಿಗೆ ಮಷಿನ್ನಿನ ಅಕ್ಕನಿಗೆ, ಚಪ್ಪಲಿ ಹೊಲಿಯುವ ಕಾಕಾನಿಗೆ? ಊರ ಸಾಹುಕಾರ ಕಾಗದ ಕೇಳದೆ ಕೊಡುತ್ತಾನೆ, ತಿಂಗಳಿಗೆ ನೂರಕ್ಕೆ ಐದು. ವರ್ಷಕ್ಕೆ ಅರವತ್ತಾಯಿತು! ಬ್ಯಾಂಕು ಕಾಗದ ಕೇಳುತ್ತದೆ. ಆ ಕಾಗದದ ಭಯವೇ ದಲ್ಲಾಳಿಯ ಹೊಟ್ಟೆಪಾಡು.

ಸಣ್ಣ ಉದ್ದಿಮೆಯ 10 ಲಕ್ಷದವರೆಗಿನ ಸಾಲಕ್ಕೆ ಅಡ ಕೇಳಬಾರದೆಂದು ರಿಸರ್ವ್ ಬ್ಯಾಂಕು 2010ರಲ್ಲೇ ಹೇಳಿದೆ. 2020ರಲ್ಲಿ ಬಂದ ಉದ್ಯಮ್ ನೋಂದಣಿಗೆ ಒಂದು ಪೈಸೆ ಶುಲ್ಕವಿಲ್ಲ; ಅದಕ್ಕೂ ರೊಕ್ಕ ಕೀಳುವವರಿದ್ದಾರೆ.

2008ರ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ನೋಡಿ. ಹಳ್ಳಿಯ ಪರಿಶಿಷ್ಟರಿಗೆ ಸಬ್ಸಿಡಿ ನೂರಕ್ಕೆ 35, ಕೈಯಿಂದ ಹಾಕುವುದು ನೂರಕ್ಕೆ 5. ಎರಡು ಲಕ್ಷದ ಗಿರಣಿಗೆ ನಮ್ಮವರು 10 ಸಾವಿರ ಹಾಕಬೇಕು, ಮಿಕ್ಕಿದ್ದು ಬ್ಯಾಂಕು ಕೊಡಬೇಕು. 70 ಸಾವಿರ ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಗಿರಣಿ ನಡೆದಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ಇದು ಗೊತ್ತಿಲ್ಲದವರ ಹತ್ತಿರ ದಲ್ಲಾಳಿ ಬಂದು, "ಸಬ್ಸಿಡಿ ಬರ್ತದ, ಅರ್ಧ ನನಗ ಕೊಡು" ಅಂತ ಸಾಲದ ರೊಕ್ಕದಲ್ಲೇ ತನ್ನ ಪಾಲು ಮುರಿದುಕೊಳ್ಳುತ್ತಾನೆ. ಮಷಿನ್ ಅರ್ಧ ಬರುತ್ತದೆ, ಸಾಲ ಪೂರ್ತಿ ಉಳಿಯುತ್ತದೆ. ಆಮೇಲೆ "ಈ ಜನಕ್ಕ ಕೊಟ್ರ ತಿರುಗಿ ಬರಂಗಿಲ್ಲ" ಎಂಬ ಮಾತು ಹುಟ್ಟುತ್ತದೆ. ಮುಂದಿನ ಹತ್ತು ಅರ್ಜಿಗಳನ್ನು ಆ ಮಾತೇ ಕೊಲ್ಲುತ್ತದೆ.

ರೂಪಾಯಿಯ ಸಮಸ್ಯೆಯ ಮೇಲೆ 1923ರಲ್ಲಿ ಪುಸ್ತಕ ಬರೆದವರು ಬಾಬಾಸಾಹೇಬರು. ಅವರ ಫೋಟೋ ನಮ್ಮ ಗೋಡೆಯ ಮೇಲಿದೆ, ನಮ್ಮ ರೂಪಾಯಿಯ ಲೆಕ್ಕ ಮಾತ್ರ ಇನ್ನೂ ಸಾಹುಕಾರನ ಪಟ್ಟಿಯಲ್ಲಿದೆ.

ಗಿರಣಿಗೆ ದಿನಕ್ಕೆಷ್ಟು ಖಾರ ಬರುತ್ತದೆ, ಕರೆಂಟಿಗೆಷ್ಟು, ಯಾವ ತಿಂಗಳು ಸುಗ್ಗಿ, ಯಾವ ತಿಂಗಳು ಖಾಲಿ, ಇವನ್ನು ಮ್ಯಾನೇಜರಿಗಿಂತ ನಾವು ಬಲ್ಲೆವು. ಬರೆಯಲು ದೊಡ್ಡ ಓದು ಬೇಕಿಲ್ಲ; ಅಕ್ಕನ ಹತ್ತಿರ ಎರಡು ದಿನ ಕೂಡುವ ತಾಳ್ಮೆ ಬೇಕು. ಅರ್ಜಿ ಕೊಟ್ಟರೆ ಸ್ವೀಕೃತಿ ತಗೊಳ್ಳಿ. ಆಗಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. "ನಾಳೆ ಬಾ" ಎಂಬ ಬಾಯಿಮಾತಿಗೆ ಎದ್ದು ಬರಬೇಡಿ. ತೀರಿಸಲಾಗದ ಸಾಲವಾದರೆ ನಮ್ಮವರಿಗೇ "ಬ್ಯಾಡ ಕಾಕಾ" ಅನ್ನುವ ಧೈರ್ಯವೂ ಇರಲಿ. ಇದು ಎಲ್ಲಕ್ಕಿಂತ ಕಷ್ಟ.

ಪುಕ್ಕಟೆ ಮಾಡಿ ಅನ್ನುವುದಿಲ್ಲ, ನಮಗೂ ಹೊಟ್ಟೆ ಇದೆ. ಕೂಲಿ ಎಷ್ಟೆಂದು ಗೋಡೆಯ ಮೇಲೆ ಬರೆಯಿರಿ, ರಸೀದಿ ಕೊಡಿ. ಸಾಲ ಸಿಕ್ಕವರಿಗೆ ತಿಂಗಳ ಲೆಕ್ಕ ಬರೆದುಕೊಟ್ಟರೆ ತಿಂಗಳ ಸಂಪಾದನೆಯೂ ಆಯಿತು. ಆದರೆ ಸಬ್ಸಿಡಿಯಲ್ಲಿ ಪಾಲು ಕೇಳಿದ ದಿನ ನಾವೂ ದಲ್ಲಾಳಿಗಳೇ, ಓದಿದ ದಲ್ಲಾಳಿಗಳು.

ಈ ರಜೆಗೆ ಊರಿಗೆ ಹೋದವರು ಕೇರಿಯಲ್ಲಿ ಯಾರಿಗೆ ಎಷ್ಟು ಸಾಲ, ಯಾರ ಹತ್ತಿರ, ಏನು ಬಡ್ಡಿ ಅಂತ ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಮುಂದಿನ ಸಭೆಗೆ ಆ ನೋಟ್‌ಬುಕ್ಕು ಇಟ್ಟುಕೊಂಡು ಅರ್ಜಿ ಬರೆಯಲು ಕೂಡೋಣ.