ಶೆಲ್ಲಿನ ಉಪಾಂಗಗಳು

ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿರುವ ವಾಚಕ ಮಹಾಶಯರು, ಆ ಮಕ್ಕಳು ಗಣಕಯಂತ್ರದ ಕರಿಯ ತೆರೆಯ ಮುಂದೆ ಕುಳಿತು, ಚಿತ್ರವಿಲ್ಲದ ಬರಿಯ ಸಾಲುಗಳನ್ನು ಒಂದರ ಕೆಳಗೊಂದು ಬೆರಳಚ್ಚಿಸುವುದನ್ನು ಕಂಡಿರಬಹುದು. ಆ ಸಾಲುಗಳನ್ನು ಓದಿ, ಅರ್ಥೈಸಿ, ಯಂತ್ರದಿಂದ ಕೆಲಸ ಮಾಡಿಸತಕ್ಕ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ತೆಂಗಿನ ತಿರುಳನ್ನು ಕರಟವು ಸುತ್ತಿಕೊಂಡಿರುವಂತೆ, ಯಂತ್ರದ ಒಳವ್ಯವಸ್ಥೆಯನ್ನು ಇದು ಸುತ್ತಿಕೊಂಡು ಹೊರಗಿನವರೊಡನೆ ವ್ಯವಹರಿಸುವುದು. ಈ ಕರಟಕ್ಕೆ ತಮಗೆ ಬೇಕಾದ ಹೊಸ ಸಾಮರ್ಥ್ಯಗಳನ್ನು ಜೋಡಿಸಿಕೊಳ್ಳುವುದು ಇಂದಿನ ತರುಣರಲ್ಲಿ ರೂಢಿಯಾಗಿದೆ. ಅಂಥ ಜೋಡಣೆಯನ್ನು ಅವರು ಪ್ಲಗಿನ್ ಎನ್ನುವರು, ನಾವು ಉಪಾಂಗವೆನ್ನೋಣ. ಉಪಾಂಗವನ್ನು ರಚಿಸುವುದು ಸುಲಭವೇ. ಆದರೆ ಅದು ಶೆಲ್ಲಿನ ಹೊರಗಲ್ಲ, ಒಳಗೇ ವಾಸಮಾಡುವುದೆಂಬುದನ್ನು ರಚಿಸುವವರೂ ತರಿಸಿಕೊಳ್ಳುವವರೂ ಬಹುಬೇಗ ಮರೆಯುವುದರಿಂದ, ಈ ತಿಂಗಳು ಅದರ ವಿಚಾರವಾಗಿಯೇ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಶೆಲ್ ಎಂದು ನಾಮಕರಣ ಮಾಡಿದವರು ಫ್ರಾನ್ಸ್ ದೇಶದ ಲೂಯಿ ಪೂಜಾಂ. ಅವರು 1960ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿದ್ದಾಗ, ಆಜ್ಞೆಗಳ ಪಟ್ಟಿಯೊಂದನ್ನು ಕ್ರಮವಾಗಿ ನಡೆಯಿಸುವ ರನ್‌ಕಾಮ್ ಎಂಬ ಪ್ರೋಗ್ರಾಮನ್ನು ರಚಿಸಿದ್ದರು. ಇಂದಿಗೂ ಶೆಲ್ಲಿನ ಆರಂಭದ ಕಡತದ ಹೆಸರಿನ ತುದಿಯಲ್ಲಿ ಆರ್‌ಸಿ ಎಂಬೆರಡು ಅಕ್ಷರಗಳಿರುವುದು ಆ ರನ್‌ಕಾಮಿನ ಅವಶೇಷ. ಅನಂತರ ಯುನಿಕ್ಸ್ ವ್ಯವಸ್ಥೆಗೆ 1971ರಲ್ಲಿ ಕೆನ್ ಥಾಂಪ್ಸನ್ನರ ಶೆಲ್ಲೂ, 1979ರಲ್ಲಿ ಸ್ಟೀಫನ್ ಬೌರ್ನ್‌ರ ಶೆಲ್ಲೂ ಬಂದುವು. 1989ರಲ್ಲಿ ಬ್ರಯನ್ ಫಾಕ್ಸರು ಬ್ಯಾಷನ್ನೂ, 1990ರಲ್ಲಿ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ ಪಾಲ್ ಫಾಲ್‌ಸ್ಟಾಡ್ ಎಂಬಾತನು ಜೆಡ್‌ಶೆಲ್ಲನ್ನೂ ಹೊರತಂದರು. ಫಾಲ್‌ಸ್ಟಾಡನು ತನ್ನ ಕೃತಿಗೆ, ಅಲ್ಲಿ ಪಾಠಕ್ಕೆ ನೆರವಾಗುತ್ತಿದ್ದ ಜ಼ಾಂಗ್ ಶಾವ್ ಎಂಬವರು ಗಣಕದಲ್ಲಿ ಇಟ್ಟುಕೊಂಡಿದ್ದ ಸಂಕ್ಷಿಪ್ತ ನಾಮವನ್ನೇ ಇಟ್ಟನು. ಗುರುಭಕ್ತಿಯಿಂದಲ್ಲ, ಆ ಹೆಸರು ಶೆಲ್ಲಿಗೆ ಒಪ್ಪುವಂತಿತ್ತೆಂದು. ಉಪಾಧ್ಯಾಯವೃತ್ತಿಯಲ್ಲಿ ತಲೆ ನರೆತವರಿಗೆ ಅಷ್ಟಾದರೂ ಸಂತೋಷವೇ.

ಇನ್ನು ಉಪಾಂಗವು ಒಳಗೇ ಏಕಿರಬೇಕು? ಹೊಸ ಫೋಲ್ಡರೊಂದನ್ನು ನಿರ್ಮಿಸಿ ಒಡನೆಯೇ ಅದರೊಳಗೆ ಹೋಗಿ ನಿಲ್ಲತಕ್ಕ ಆಜ್ಞೆಯೊಂದು ನಮಗೆ ಬೇಕಾಗಿದೆಯೆನ್ನಿ. ನಿರ್ಮಿಸುವುದಕ್ಕೆ ಎಂಕೆಡಿಐಆರ್, ಒಳಹೋಗುವುದಕ್ಕೆ ಸಿಡಿ. ಇವೆರಡನ್ನೂ ಒಂದು ಕಡತದಲ್ಲಿ ಬರೆದು ಪ್ರತ್ಯೇಕ ಪ್ರೋಗ್ರಾಮಾಗಿ ನಡೆಯಿಸಿದರೆ ಫೋಲ್ಡರೇನೋ ಸೃಷ್ಟಿಯಾಗುವುದು, ನಾವು ಮಾತ್ರ ನಿಂತಲ್ಲಿಯೇ ನಿಂತಿರುವೆವು. ಕಾರಣವೇನೆಂದರೆ, ಶೆಲ್ಲು ಪ್ರತ್ಯೇಕ ಪ್ರೋಗ್ರಾಮನ್ನು ನಡೆಯಿಸಬೇಕಾದಾಗ ತನ್ನಿಂದ ಒಂದು ಮರಿಯನ್ನು ಹುಟ್ಟಿಸಿ ಅದಕ್ಕೆ ಕೆಲಸವನ್ನು ಒಪ್ಪಿಸುವುದು. ಮರಿಯು ಒಳಗೆ ಹೋಗುವುದು, ಕೆಲಸ ಮುಗಿಯಿತೆಂದು ಅಲ್ಲಿಯೇ ಲಯವಾಗುವುದು; ಮರಿ ನಡೆದ ದಾರಿ ತಾಯಿಗೆ ತಿಳಿಯುವುದಿಲ್ಲ. ಅದೇ ಎರಡು ಆಜ್ಞೆಗಳನ್ನು ಫಂಕ್ಷನ್ ರೂಪದಲ್ಲಿ ಆರ್‌ಸಿ ಕಡತದಲ್ಲಿ ಬರೆದಿಟ್ಟರೆ, ಶೆಲ್ಲು ಅದನ್ನು ಓದಿ ತನ್ನದನ್ನಾಗಿ ಮಾಡಿಕೊಂಡು, ಕರೆದಾಗ ತಾನೇ ಒಳಗೆ ಹೋಗಿ ನಿಲ್ಲುವುದು. ಉಪಾಂಗಗಳಲ್ಲಿ ಬಹುಪಾಲು ಇಂಥ ಫಂಕ್ಷನ್ನುಗಳ ಸಮೂಹವೇ.

ಒಳಗೆ ಬಂದವನಿಗೆ ಮನೆಯ ರೀತಿ ತಿಳಿದಿರಬೇಕಷ್ಟೆ. ಮೊದಲನೆಯದು ಹೆಸರಿನ ವಿಚಾರ. ನಾವು ಒಂದು ಪದವನ್ನು ಬರೆದಾಗ ಶೆಲ್ಲು ಸಾಮಾನ್ಯವಾಗಿ ಮೊದಲು ಅಲಿಯಾಸುಗಳಲ್ಲಿಯೂ (ದಸ್ತಾವೇಜುಗಳಲ್ಲಿ ಉರುಫ್ ಎಂದು ಬರೆಯುವೆವಲ್ಲ, ಅದೇ), ಆಮೇಲೆ ಫಂಕ್ಷನ್ನುಗಳಲ್ಲಿಯೂ, ಆಮೇಲೆ ತನ್ನ ಹುಟ್ಟು ಆಜ್ಞೆಗಳಲ್ಲಿಯೂ, ಕಟ್ಟಕಡೆಗೆ ಹೊರಗಿನ ಪ್ರೋಗ್ರಾಮುಗಳಲ್ಲಿಯೂ ಹುಡುಕುವುದು. ಆದಕಾರಣ ಉಪಾಂಗವೊಂದು ಎಲ್‌ಎಸ್ ಎಂಬ ಹೆಸರಿನ ಫಂಕ್ಷನ್ನನ್ನು ತಂದರೆ, ಯಂತ್ರದ ಮೂಲ ಎಲ್‌ಎಸ್ ಮರೆಯಾಗುವುದು. ಎರಡು ಉಪಾಂಗಗಳು ಒಂದೇ ಹೆಸರನ್ನು ತಂದರೆ ಹಿಂದಿನದು ಅಳಿದು ಮುಂದಿನದು ಉಳಿಯುವುದು. ಯಾವ ಎಚ್ಚರಿಕೆಯೂ ಬಾರದು. ಸಮಬಲದ ಎರಡು ವಿಧಿಗಳಿಗೆ ವಿರೋಧ ಬಂದಲ್ಲಿ ಪರವಿಧಿಯೇ ಬಲವತ್ತರವೆಂದು ಪಾಣಿನಿಯೂ ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದಲ್ಲಿ ಹೇಳಿರುವನು. ಆದರೆ ಅಲ್ಲಿ ಸೂತ್ರಗಳ ಪೌರ್ವಾಪರ್ಯವನ್ನು ನಿಶ್ಚಯಿಸಿದವನು ಒಬ್ಬನೇ ಮಹರ್ಷಿ. ಇಲ್ಲಿಯಾದರೋ ಪರಸ್ಪರ ಮುಖ ನೋಡದ ಹತ್ತು ಮಂದಿ ಬರೆದುದನ್ನು, ನಮ್ಮ ಹುಡುಗನು ಆರ್‌ಸಿ ಕಡತದಲ್ಲಿ ಮನಸ್ಸಿಗೆ ಬಂದ ಕ್ರಮದಲ್ಲಿ ಸೇರಿಸಿರುತ್ತಾನೆ. ಆದುದರಿಂದ ಬಲ್ಲವರು ತಮ್ಮ ಫಂಕ್ಷನ್ನುಗಳಿಗೆಲ್ಲ ತಮ್ಮದೇ ಒಂದು ಪೂರ್ವಪದವನ್ನು ಹಚ್ಚುವರು.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಪಟ್ಟಿಯೊಂದರ ಪದಾರ್ಥಗಳನ್ನು ಜೆಡ್‌ಶೆಲ್ಲು ಒಂದರಿಂದ ಎಣಿಸುವುದು, ಬ್ಯಾಷು ಸೊನ್ನೆಯಿಂದ ಎಣಿಸುವುದು. ಜೆಡ್‌ಶೆಲ್ಲಿನಲ್ಲಿಯೂ ಸೊನ್ನೆಯಿಂದಲೇ ಎಣಿಸುವಂತೆ ಮಾಡಿಕೊಳ್ಳುವ ಒಂದು ಏರ್ಪಾಡುಂಟು. ಉಪಾಂಗವೊಂದು ತನ್ನ ಅನುಕೂಲಕ್ಕಾಗಿ ಆ ಏರ್ಪಾಡನ್ನು ಬದಲಾಯಿಸಿ ಹಾಗೆಯೇ ಬಿಟ್ಟುಹೋದರೆ, ಏನೂ ಅರಿಯದ ಮತ್ತೊಂದು ಉಪಾಂಗವು ಮೊದಲನೆಯದನ್ನು ಕೇಳಿ ಎರಡನೆಯದನ್ನು ಪಡೆಯುವುದು. ಬದಲಾವಣೆಯು ಆ ಫಂಕ್ಷನ್ನಿನ ಮಟ್ಟಿಗೆ ಮಾತ್ರ ನಿಲ್ಲುವಂತೆ ಮಾಡುವ ಎಮ್ಯುಲೇಟ್ ಎಂಬ ಆಜ್ಞೆಯಿದೆ, ಒಂದೇ ಸಾಲು. ಅದನ್ನು ಬರೆಯುವ ಶ್ರದ್ಧೆ ಇದೆಯೋ ಇಲ್ಲವೋ ನೋಡಿಯೇ ಕೃತಿಕಾರನ ಯೋಗ್ಯತೆಯನ್ನು ಅಳೆಯಬಹುದೆಂದು ನಮ್ಮ ಅಭಿಪ್ರಾಯ.

ಪ್ರತಿಯೊಂದು ಆಜ್ಞೆ ಮುಗಿದು ಶೆಲ್ಲು ಮತ್ತೆ ಅಪ್ಪಣೆಗಾಗಿ ನಿಲ್ಲುವ ಮುನ್ನ ತಾನೂ ಒಮ್ಮೆ ಕೈಯಾಡಿಸಲು ಉಪಾಂಗಕ್ಕೆ ಅವಕಾಶವಿದೆ. ಜೆಡ್‌ಶೆಲ್ಲಿನಲ್ಲಿ ಇದಕ್ಕೆ ಒಂದು ಸರದಿಪಟ್ಟಿಯೇ ಇದೆ; ಬ್ಯಾಷಿನಲ್ಲಿ ಅಂಥ ಪಟ್ಟಿಯು 2020ರ 5.1ನೆಯ ಆವೃತ್ತಿಯಲ್ಲಿ ಬಂದಿತು. ಪಟ್ಟಿಯ ಕೊನೆಗೆ ಸೇರಿಕೊಳ್ಳುವುದು ಸೌಜನ್ಯ. ಇದ್ದವರನ್ನು ತಳ್ಳಿ ಕೂರುವುದು ಒರಟುತನ. ನಮ್ಮ ಹಳೆಯ ಶಿಷ್ಯನೊಬ್ಬನು ಇಂಥವನ್ನು ಇಪ್ಪತ್ತಕ್ಕೆ ಮೇಲ್ಪಟ್ಟು ಸೇರಿಸಿಕೊಂಡು, ಒಂದು ಸಾಲು ಬರೆದಮೇಲೆ ಮುಂದಿನ ಸಾಲಿಗೆ ಕೈಕಟ್ಟಿ ಕಾಯುತ್ತಿದ್ದನು. ಯಂತ್ರವು ಹಳೆಯದಾಯಿತೆಂದು ಹೊಸದನ್ನು ಕೊಳ್ಳುವ ಆಲೋಚನೆಯಲ್ಲಿದ್ದನು ಪಾಪ!

ಇವೆಲ್ಲವೂ ಅನನುಕೂಲಗಳು ಮಾತ್ರ. ಮುಖ್ಯವಾದ ಮಾತು ಬೇರೆ. ಒಳಗಿರುವ ಉಪಾಂಗಕ್ಕೆ ಯಜಮಾನನ ಸಮಸ್ತ ಅಧಿಕಾರವೂ ಇರುತ್ತದೆ: ಆತನ ಕಡತಗಳನ್ನು ಓದಬಲ್ಲುದು, ಅಳಿಸಬಲ್ಲುದು, ಹೊರಗೆ ಕಳುಹಿಸಬಲ್ಲುದು. ತಂದೆಯ ಲೆಕ್ಕಪತ್ರಗಳೂ ಮಗನ ಅಭ್ಯಾಸವೂ ಒಂದೇ ಯಂತ್ರದಲ್ಲಿ, ಒಂದೇ ಹೆಸರಿನಲ್ಲಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಇಂದು ಓದಿ ಒಪ್ಪಿದ ಉಪಾಂಗವು ನಾಳಿನ ಆವೃತ್ತಿಯಲ್ಲಿಯೂ ಹಾಗೆಯೇ ಇರಬೇಕೆಂಬ ಕಟ್ಟೂ ಇಲ್ಲ. ಶೆಲ್ಲಿನ ಕರ್ತೃಗಳೇ ಎಚ್ಚರ ತಪ್ಪಿದುದುಂಟು. ಹೊರಗಿನ ಪರಿಸರದಿಂದ ಬಂದ ಫಂಕ್ಷನ್ನುಗಳನ್ನು ಬ್ಯಾಷು ಸ್ವೀಕರಿಸುವಾಗ, ಅವುಗಳ ಬಾಲಕ್ಕೆ ಅಂಟಿಸಿದ ಆಜ್ಞೆಗಳನ್ನೂ ನಡೆಯಿಸಿಬಿಡುತ್ತಿದ್ದಿತು. 1989ರಿಂದಲೂ ಅಡಗಿದ್ದ ಈ ದೋಷವನ್ನು ಸ್ಟೆಫಾನ್ ಶಾಜೆಲಾ ಎಂಬವರು ಕಂಡುಹಿಡಿದು, 2014ರ ಸೆಪ್ಟೆಂಬರಿನಲ್ಲಿ ಅದು ಪ್ರಕಟವಾದಾಗ ಲೋಕದ ಯಂತ್ರಾಲಯಗಳೆಲ್ಲ ಗಾಬರಿಗೊಂಡುವು.

2019ರಲ್ಲಿ ಹೊರಬಂದ ನುಶೆಲ್ ಎಂಬುದು ಬೇರೊಂದು ದಾರಿಯನ್ನು ಹಿಡಿದಿದೆ. ಅಲ್ಲಿ ಉಪಾಂಗವು ಪ್ರತ್ಯೇಕ ಪ್ರೋಗ್ರಾಮಾಗಿ ಹೊರಗೇ ನಿಂತು, ಗೊತ್ತಾದ ರೂಪದ ಸಂದೇಶಗಳ ಮೂಲಕ ಶೆಲ್ಲಿನೊಡನೆ ಮಾತಾಡುವುದು. ಹೆಸರುಗಳ ಮತ್ತು ಏರ್ಪಾಡುಗಳ ಗೊಂದಲವು ಇದರಿಂದ ಬಹುಮಟ್ಟಿಗೆ ತಪ್ಪುವುದು. ಕಡತಗಳ ಮೇಲಿನ ಅಧಿಕಾರವಂತೂ ಜಗಲಿಯಲ್ಲಿ ಕುಳಿತ ಆ ಅತಿಥಿಗೂ ಇದ್ದೇ ಇರುವುದು.

ಮಕ್ಕಳ ಶೆಲ್ಲು ವಿಚಿತ್ರವಾಗಿ ವರ್ತಿಸತೊಡಗಿದರೆ ಮಾಡಬೇಕಾದ ಪರೀಕ್ಷೆಯೊಂದಿದೆ. ಜೆಡ್‌ಶೆಲ್ಲನ್ನು ಎಫ್ ಎಂಬ ಗುರುತಿನೊಡನೆಯೂ, ಬ್ಯಾಷನ್ನು ನೋಆರ್‌ಸಿ ಎಂಬ ಗುರುತಿನೊಡನೆಯೂ ಕರೆದರೆ, ಆರ್‌ಸಿ ಕಡತದಲ್ಲಿ ತಾವು ಸೇರಿಸಿದ ಉಪಾಂಗಗಳಾವುವೂ ಇಲ್ಲದ ಬರಿಯ ಶೆಲ್ಲು ತೆರೆಯುವುದು. ಆಗ ತೊಂದರೆ ಕಾಣದಿದ್ದರೆ ಉಪಾಂಗಗಳಲ್ಲಿ ಅರ್ಧವನ್ನು ತೆಗೆದು ನೋಡಬೇಕು, ಉಳಿದುದರಲ್ಲಿ ಮತ್ತೆ ಅರ್ಧವನ್ನು. ಮೂವತ್ತೆರಡು ಉಪಾಂಗಗಳಿದ್ದರೂ ತಪ್ಪು ಒಂದರಲ್ಲೇ ಇದ್ದ ಪಕ್ಷಕ್ಕೆ ಐದನೆಯ ಸಲಕ್ಕೆ ಅದು ಸಿಕ್ಕಿಬೀಳುವುದು.